ಲಾಂಛನದ ಮೇಲೆ ಲ್ಯಾಟಿನ್ ಏಕೆ?

ಈ ಸಲ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ದೇಶಗಳ ಲಾಂಛನ, ನೋಟು, ನಾಣ್ಯಗಳ ಮೇಲಿನ ಲ್ಯಾಟಿನ್ ಧ್ಯೇಯವಾಕ್ಯಗಳ ಬಗ್ಗೆ ಇವೆ. ಒಂದೇ ವಿಷಯ ಕೇಳಿದವರಿಗೆ ಸೇರಿಸಿ ಒಂದೇ ಕಡೆ ಉತ್ತರಿಸಿದ್ದೇನೆ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ರಜೆಗೆ ಬಂದಾಗ ಒಂದು ಡಾಲರ್ ನೋಟು ಕೊಟ್ಟ. ಹಿಂಬದಿಯಲ್ಲಿ ಪಿರಮಿಡ್ಡು, ಅದರ ತುದಿಯಲ್ಲೊಂದು ಕಣ್ಣು, ಸುತ್ತ ಲ್ಯಾಟಿನ್ ಬರಹ. ಜಗತ್ತನ್ನೇ ಆಳಲು ಹೊರಟ ಗುಪ್ತ ಸಂಘವೊಂದರ ಘೋಷಣೆ ಅದು ಅಂತ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಬರೆದಿದ್ದಾರೆ. ನಿಜವೇ?
(ಓದುಗರು, ದಾವಣಗೆರೆ)

ಉತ್ತರ: ಗುಪ್ತ ಸಂಘ ಇರಲಿಲ್ಲ, ಸಮಿತಿ ಇತ್ತು. ಒಂದಲ್ಲ, ಮೂರು.

1776ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಯನ್ನು ಅಂಗೀಕರಿಸಿದ ದಿನವೇ, ಅಮೆರಿಕದ ಕಾಂಗ್ರೆಸ್ ಹೊಸ ದೇಶಕ್ಕೊಂದು ಮುದ್ರೆ ರೂಪಿಸುವ ಕೆಲಸವನ್ನು ಬೆಂಜಮಿನ್ ಫ್ರಾಂಕ್ಲಿನ್, ಜಾನ್ ಆಡಮ್ಸ್, ಥಾಮಸ್ ಜೆಫರ್ಸನ್ ಈ ಮೂವರಿಗೆ ವಹಿಸಿತು. ಅವರಿಗೆ ನೆರವಾದವನು ಪಿಯರ್ ಯೂಜೀನ್ ದು ಸಿಮಿಟಿಯೇರ್ ಎಂಬ ಚಿತ್ರಕಾರ. ಅವರು ಕೊಟ್ಟ ಕರಡನ್ನು ಕಾಂಗ್ರೆಸ್ ಬದಿಗಿಟ್ಟಿತು. ಎರಡನೆಯ ಸಮಿತಿ ಬಂತು, ಮೂರನೆಯದೂ ಬಂತು, ಮುದ್ರೆ ಮಾತ್ರ ಆಗಲಿಲ್ಲ. ಕೊನೆಗೆ ಕಾಂಗ್ರೆಸ್ಸಿನ ಕಾರ್ಯದರ್ಶಿ ಚಾರ್ಲ್ಸ್ ಥಾಮ್ಸನ್ ಮೂರೂ ಕಡತಗಳನ್ನು ಮುಂದಿಟ್ಟುಕೊಂಡು, ತನಗೆ ಹಿಡಿಸಿದ್ದನ್ನು ಆಯ್ದು, ಹಿಡಿಸದ್ದನ್ನು ತಿದ್ದಿ ಜೋಡಿಸಿದ. 1782ರ ಜೂನ್ 20ರಂದು ಅದಕ್ಕೆ ಒಪ್ಪಿಗೆ ಸಿಕ್ಕಿತು. ಈ ಥಾಮ್ಸನ್ ಅದಕ್ಕೂ ಮುಂಚೆ ಫಿಲಡೆಲ್ಫಿಯಾದಲ್ಲಿ ಲ್ಯಾಟಿನ್ ಮೇಷ್ಟರಾಗಿದ್ದವನು. ನಿಮ್ಮ ಕೈಯಲ್ಲಿರುವ ನೋಟಿನಲ್ಲಿ ಎದ್ದು ಕಾಣುವುದು ಆ ಮೇಷ್ಟರ ಕೈವಾಡವೇ.

ಕಣ್ಣಿನ ಮೇಲಿರುವುದು 'ಅನ್ನುಇತ್ ಕೊಯ್ಪ್ತಿಸ್'. ಮೊದಲ ಪದದ ಮೂಲಾರ್ಥ ತಲೆಯಾಡಿಸಿ ಒಪ್ಪುವುದು. 'ನಾವು ಕೈಗೊಂಡ ಕೆಲಸಕ್ಕೆ ತಲೆದೂಗಿದ್ದಾನೆ' ಅಂತ ಭಾವ. ಯಾರು ಅಂತ ಹೇಳಿಲ್ಲ, ಆ ಕಣ್ಣೇ ಕರ್ತೃ. ಪಿರಮಿಡ್ಡಿನ ಕೆಳಗಿರುವುದು 'ನೊವುಸ್ ಓರ್ದೋ ಸೇಕ್ಲೋರುಮ್'. ನಿಮ್ಮ ಗುಂಪಿನವರು ಎಡವಿದ್ದು ಇಲ್ಲಿ. ಕೊನೆಯ ಪದಕ್ಕೆ 'ಜಗತ್ತಿನ' ಅಂತ ಅರ್ಥವಿಲ್ಲ, 'ಯುಗಗಳ' ಅಂತ. ಷಷ್ಠೀ ವಿಭಕ್ತಿ, ಬಹುವಚನ. ಒಟ್ಟಿನಲ್ಲಿ 'ಯುಗಗಳ ಹೊಸ ಸಾಲು ಶುರುವಾಯಿತು' ಎನ್ನುವ ಮಾತು. ಎರಡು ಸಾಲುಗಳಿಗೂ ಮೂಲ ರೋಮನ್ ಕವಿ ವರ್ಜಿಲ್. ಎರಡನೆಯದು ಕ್ರಿಸ್ತಪೂರ್ವ 40ರ ಸುಮಾರಿಗೆ ಅವನು ಬರೆದ, ಒಂದು ಮಗು ಹುಟ್ಟಿ ಸುವರ್ಣಯುಗ ಮರಳುತ್ತದೆ ಎನ್ನುವ ಕವಿತೆಯಿಂದ ಮಾಡಿಕೊಂಡದ್ದು. ಮಧ್ಯಯುಗದ ಕ್ರೈಸ್ತರು ಆ ಮಗುವನ್ನು ಯೇಸು ಅಂದುಕೊಂಡರು, ಥಾಮ್ಸನ್ ಅದನ್ನು ಅಮೆರಿಕ ಮಾಡಿದ. ಪಿರಮಿಡ್ಡಿನ ಬುಡದಲ್ಲಿ ರೋಮನ್ ಅಂಕಿಯಲ್ಲಿ 1776 ಅಂತ ಕೆತ್ತಿದೆ. ಆ ವರ್ಷದಿಂದ ಅಮೆರಿಕದ ಹೊಸ ಯುಗ ಆರಂಭ ಎಂದು ಅವನೇ ಕಾಂಗ್ರೆಸ್ಸಿಗೆ ವಿವರಣೆ ಬರೆದುಕೊಟ್ಟಿದ್ದಾನೆ. ಮುಚ್ಚುಮರೆ ಏನೂ ಇಲ್ಲ. ಇನ್ನೊಂದು ವಿಷಯ: ಮುದ್ರೆಯ ಈ ಹಿಂಬದಿಯನ್ನು ಒಂದೂವರೆ ಶತಮಾನ ಯಾರೂ ಹೆಚ್ಚು ಬಳಸಿರಲಿಲ್ಲ. ಡಾಲರ್ ನೋಟಿಗೆ ಅದು ಬಂದದ್ದೇ 1935ರಲ್ಲಿ, ರೂಸ್‌ವೆಲ್ಟ್ ಕಾಲದಲ್ಲಿ.

ಅದೇ ನೋಟಿನ ಬಲಗಡೆ ಹದ್ದಿನ ಕೊಕ್ಕಿನಲ್ಲಿರುವ ಪಟ್ಟಿಯನ್ನೂ ನೋಡಿ: 'ಎ ಪ್ಲೂರಿಬುಸ್ ಊನುಮ್', ಹಲವರಿಂದ ಒಂದು. 'ಪ್ಲೂರಿಬುಸ್' ಎನ್ನುವುದು ನಮ್ಮ ಪಂಚಮಿಯ ಹಾಗೆ ಕೆಲಸ ಮಾಡುತ್ತದೆ, 'ಹಲವರಿಂದ'. ಇದನ್ನು ಸೂಚಿಸಿದ್ದು 1776ರ ಮೊದಲ ಸಮಿತಿ, ಅಂದರೆ ದು ಸಿಮಿಟಿಯೇರ್ ಇದ್ದ ಸಮಿತಿ. ಹದಿಮೂರು ವಸಾಹತುಗಳು ಸೇರಿ ಒಂದು ದೇಶ ಎಂಬುದು ತಾತ್ಪರ್ಯ. ವಾಕ್ಯದಲ್ಲಿ ಅಕ್ಷರಗಳೂ ಹದಿಮೂರೇ. ಮಾತು ಎಲ್ಲಿಂದ ಬಂತು ಎಂದರೆ ಸ್ವಲ್ಪ ನಗು ಬರುತ್ತದೆ. ಲಂಡನ್ನಿನಲ್ಲಿ 1731ರಿಂದ ಬರುತ್ತಿದ್ದ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಎಂಬ ಮಾಸಪತ್ರಿಕೆಯ ಮುಖಪುಟದಲ್ಲಿ ಹೂಗೊಂಚಲು ಹಿಡಿದ ಕೈಯ ಜೊತೆ ಈ ಮೂರು ಪದ ಇರುತ್ತಿದ್ದವು. ಹತ್ತು ಕಡೆಯ ಬರಹ ಸೇರಿಸಿದ ಒಂದು ಪತ್ರಿಕೆ ಅಂತ ಅಲ್ಲಿನ ಅರ್ಥ. ವಿದ್ಯಾವಂತ ಅಮೆರಿಕನ್ನರ ಮನೆಗೆ ಬರುತ್ತಿದ್ದ ಪತ್ರಿಕೆ ಅದು. ಇನ್ನೂ ಹಿಂದಕ್ಕೆ ಹೋದರೆ, ವರ್ಜಿಲನ ಹೆಸರಿನಲ್ಲಿ ಉಳಿದಿರುವ ಒಂದು ಪುಟ್ಟ ಕವಿತೆಯಲ್ಲಿ ಬಡ ರೈತನೊಬ್ಬ ಬೆಳ್ಳುಳ್ಳಿ, ಗಿಣ್ಣು, ಸೊಪ್ಪುಗಳನ್ನು ಒರಳಿಗೆ ಹಾಕಿ ಅರೆಯುತ್ತಾನೆ. ಅರೆಯುತ್ತಾ ಹೋದಂತೆ ಎಲ್ಲದರ ಬಣ್ಣ ಕರಗಿ 'ಹಲವರಿಂದ ಒಂದು' ಬಣ್ಣವಾಗುತ್ತದೆ. ನಮ್ಮ ಲೆಕ್ಕದಲ್ಲಿ ಚಟ್ನಿ. ರಾಜ್ಯಗಳು ತಮ್ಮ ಬಣ್ಣ ಕಳೆದುಕೊಳ್ಳದೆ ಒಂದಾಗಬೇಕೆಂದು ಹೋರಾಡಿದವರಿಗೆ ಈ ಮೂಲ ಅಷ್ಟು ಹಿಡಿಸಲಿಕ್ಕಿಲ್ಲ.

ಅಂದ ಹಾಗೆ, ಕಾನೂನಿನ ಪ್ರಕಾರ ಅಮೆರಿಕದ ರಾಷ್ಟ್ರೀಯ ಧ್ಯೇಯವಾಕ್ಯ ಇದಲ್ಲ. 1956ರಲ್ಲಿ, ರಷ್ಯಾದೊಂದಿಗಿನ ಶೀತಲ ಸಮರದ ಬಿಸಿಯಲ್ಲಿ, 'ದೇವರಲ್ಲಿ ನಮ್ಮ ನಂಬಿಕೆ' ಎಂಬ ಇಂಗ್ಲಿಷ್ ಸಾಲನ್ನು ಅಧಿಕೃತ ಮಾಡಿದರು. ಅದೂ ಅದೇ ನೋಟಿನ ಮೇಲಿದೆ.

ಪ್ರಶ್ನೆ: ಯಾರ ಮನೆಯಲ್ಲೂ ಮಾತಾಡದ ಭಾಷೆಯನ್ನು ದೇಶಗಳು ತಮ್ಮ ಲಾಂಛನಕ್ಕೆ ಆರಿಸಿಕೊಳ್ಳುವುದೇಕೆ? ಜನರಿಗೆ ಅರ್ಥವೇ ಆಗದ ಧ್ಯೇಯವಾಕ್ಯದಿಂದ ಏನು ಪ್ರಯೋಜನ?
(ಪದವಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಯಾರ ಮನೆಯಲ್ಲೂ ಮಾತಾಡುವುದಿಲ್ಲ ಎಂಬುದೇ ಅದರ ಅನುಕೂಲ.

ಸ್ವಿಟ್ಜರ್ಲೆಂಡ್ ನೋಡಿ. ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ಎಂಬ ನಾಲ್ಕು ರಾಷ್ಟ್ರಭಾಷೆಗಳು. ದೇಶದ ಹೆಸರನ್ನು ನಾಣ್ಯದ ಮೇಲೆ ಯಾವ ಭಾಷೆಯಲ್ಲಿ ಬರೆದರೂ ಉಳಿದ ಮೂವರು ಮುನಿಸಿಕೊಳ್ಳುತ್ತಾರೆ. ನಾಲ್ಕರಲ್ಲೂ ಬರೆಯೋಣ ಎಂದರೆ ನಾಣ್ಯದಲ್ಲಿ ಅಷ್ಟು ಜಾಗವಿಲ್ಲ. ಆಗ 'ಕೊನ್‌ಫೊಯ್ದೆರಾತಿಯೋ ಹೆಲ್ವೇತಿಕಾ' ಕೈಹಿಡಿಯಿತು. ಸ್ವಿಸ್ ಕಾರುಗಳ ಹಿಂದೆ, ಅಂತರ್ಜಾಲ ವಿಳಾಸಗಳ ಕೊನೆಯಲ್ಲಿ ಕಾಣುವ 'ಸಿಎಚ್' ಅದರದೇ ಮೊದಲಕ್ಷರಗಳು. ಅಂಚೆಚೀಟಿಗಳಲ್ಲಿ ಇನ್ನೂ ಚಿಕ್ಕದಾಗಿ 'ಹೆಲ್ವೇತಿಯಾ' ಅಂತ ಇರುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿದ್ದ ಹೆಲ್ವೇತಿ ಎಂಬ ಬುಡಕಟ್ಟಿನ ಹೆಸರು ಅದು. ಯಾರ ಮೇಲೂ ಯಾರಿಗೂ ದೂರಿಲ್ಲ.

ದಕ್ಷಿಣ ಆಫ್ರಿಕಾದ ಕತೆ ಇದಕ್ಕಿಂತ ಗಂಭೀರ. 1910ರಲ್ಲಿ ಕೇಪ್, ನಟಾಲ್, ಟ್ರಾನ್ಸ್‌ವಾಲ್, ಆರೆಂಜ್ ನದಿ ಈ ನಾಲ್ಕು ಬ್ರಿಟಿಷ್ ವಸಾಹತುಗಳನ್ನು ಸೇರಿಸಿ ಒಕ್ಕೂಟ ಮಾಡಿದಾಗ ಅದರ ಲಾಂಛನಕ್ಕೆ 'ಎಕ್ಸ್ ಊನಿತಾತೆ ವೀರೇಸ್' ಎಂದು ಬರೆದರು. ಒಗ್ಗಟ್ಟಿನಿಂದ ಬಲ. ಬೋಯರ್ ಯುದ್ಧ ಮುಗಿದು ಇನ್ನೂ ಹತ್ತು ವರ್ಷ ಆಗಿರಲಿಲ್ಲ. ಒಂದು ಕಡೆ ಇಂಗ್ಲಿಷರು, ಇನ್ನೊಂದು ಕಡೆ ಡಚ್ ಮೂಲದ ಬೋಯರರು. ಟ್ರಾನ್ಸ್‌ವಾಲ್ ಗಣರಾಜ್ಯಕ್ಕೆ ಇದೇ ಅರ್ಥದ ಡಚ್ ಧ್ಯೇಯವಾಕ್ಯ ಮೊದಲೇ ಇತ್ತು. ಇಂಗ್ಲಿಷಿನಲ್ಲಿ ಬರೆದರೆ ಸೋತವರನ್ನು ಕೆಣಕಿದಂತೆ, ಡಚ್ಚಿನಲ್ಲಿ ಬರೆದರೆ ಗೆದ್ದವರಿಗೆ ಇರುಸುಮುರುಸು. ಲ್ಯಾಟಿನ್ ಇಬ್ಬರಿಗೂ ಸಮ ದೂರದಲ್ಲಿತ್ತು. ಆದರೆ ಆ ಒಗ್ಗಟ್ಟು ಬಿಳಿಯರಿಬ್ಬರ ನಡುವಿನದು. ನಾಡಿನ ಬಹುಸಂಖ್ಯಾತ ಕಪ್ಪು ಜನರನ್ನು ಆ ಪಂಕ್ತಿಗೆ ಕರೆದೇ ಇರಲಿಲ್ಲ. ಧ್ಯೇಯವಾಕ್ಯ ಓದುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದೇ: 'ಎಲ್ಲರಿಗೂ ಸಮ ದೂರ' ಎನ್ನುವಾಗ ಆ 'ಎಲ್ಲರು' ಯಾರು?

ವರ್ಣಭೇದ ನೀತಿ ಹೋದ ಮೇಲೆ, 2000ದ ಏಪ್ರಿಲ್ 27ರಂದು, ದಕ್ಷಿಣ ಆಫ್ರಿಕಾ ಹೊಸ ಲಾಂಛನ ತಂದಿತು. ಆಗ ಅಲ್ಲಿ ಹನ್ನೊಂದು ಅಧಿಕೃತ ಭಾಷೆಗಳಿದ್ದವು. ಜುಲು ಬರೆಯಬೇಕೋ, ಖೋಸಾ ಬರೆಯಬೇಕೋ, ಸೋಥೋ ಬರೆಯಬೇಕೋ? ಅವರು ಆರಿಸಿದ್ದು ಇವ್ಯಾವುದನ್ನೂ ಅಲ್ಲ. ಆ ನೆಲದ ಅತಿ ಹಳೆಯ ಜನರಾದ ಸಾನ್ ಸಮುದಾಯದ, ಈಗ ಮಾತಾಡುವವರೇ ಉಳಿದಿಲ್ಲದ ಕ್ಸಾಮ್ ಭಾಷೆಯನ್ನು. 'ಬೇರೆ ಬೇರೆ ಜನರು ಒಂದಾಗುತ್ತಾರೆ' ಎಂದು ಅದರ ತಾತ್ಪರ್ಯ. ನಾಲಿಗೆಯನ್ನು ಲೊಟ್ಟೆ ಹೊಡೆದು ನುಡಿಯುವ ಆ ಧ್ವನಿಗಳಿಗೆ ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲ, ಹಾಗಾಗಿ ಇಲ್ಲಿ ಬರೆಯಲು ಹೋಗುವುದಿಲ್ಲ. ಗಮನಿಸಬೇಕಾದ್ದು ಇಷ್ಟು: ಲ್ಯಾಟಿನ್ನನ್ನು ಕೆಳಗಿಳಿಸಿದವರು ಅದರ ಜಾಗಕ್ಕೆ ತಂದದ್ದೂ ಮಾತಾಡುವವರಿಲ್ಲದ ಇನ್ನೊಂದು ಭಾಷೆಯನ್ನೇ. ಕಾರಣ ಅದೇ, ಯಜಮಾನ ಮಾತ್ರ ಬದಲಾದ.

ಯುರೋಪ್ ಒಕ್ಕೂಟವೂ 2000ದಲ್ಲಿ 'ಇನ್ ವಾರಿಯೆತಾತೆ ಕೊಂಕೊರ್ದಿಯಾ' ಎಂದುಕೊಂಡಿತು. ಅದಕ್ಕೀಗ 24 ಅಧಿಕೃತ ಭಾಷೆಗಳಿವೆ. ಆ ವಾಕ್ಯದ ಅನುವಾದ ನಿಮಗೆ ಬೇಕಿಲ್ಲ. ವಿವಿಧತೆಯಲ್ಲಿ ಏಕತೆ ಎಂದು ನಮ್ಮ ಸಮಾಜ ವಿಜ್ಞಾನದ ಪರೀಕ್ಷೆಗಳಲ್ಲಿ ಎಷ್ಟು ಸಲ ಬರೆದಿಲ್ಲ!

ಪ್ರಶ್ನೆ: ಕೆನಡಾದ ಪೌರತ್ವಕ್ಕೆ ಓದುವಾಗ 'ಸಮುದ್ರದಿಂದ ಸಮುದ್ರಕ್ಕೆ' ಎಂಬ ಧ್ಯೇಯವಾಕ್ಯ ಸಿಕ್ಕಿತು. ಇಲ್ಲಿ ಮೂರು ಸಮುದ್ರಗಳಿವೆಯಲ್ಲ?
(ಕನ್ನಡಿಗರು, ಟೊರಾಂಟೊ)

ಉತ್ತರ: ಇವೆ, ಮತ್ತು ಮೂರನೆಯದರ, ಅಂದರೆ ಉತ್ತರದ ಆರ್ಕ್ಟಿಕ್ ಸಮುದ್ರದ ಕರಾವಳಿಯೇ ಎಲ್ಲಕ್ಕಿಂತ ಉದ್ದ. 'ಆ ಮರೀ ಊಸ್ಕ್ವೆ ಅದ್ ಮರೆ' ಎಂಬುದು ಬೈಬಲಿನ 72ನೆಯ ಕೀರ್ತನೆಯ ಎಂಟನೆಯ ವಚನದಿಂದ ಬಂದದ್ದು. ಅವನ ಆಳ್ವಿಕೆ ಸಮುದ್ರದಿಂದ ಸಮುದ್ರದವರೆಗೂ, ನದಿಯಿಂದ ಭೂಮಿಯ ಕೊನೆಯವರೆಗೂ ಇರಲಿ ಎಂದು ಅಲ್ಲಿ ರಾಜನಿಗೆ ಹಾರೈಸುತ್ತಾರೆ. 1867ರಲ್ಲಿ ನಾಲ್ಕು ಪ್ರಾಂತ್ಯಗಳ ಒಕ್ಕೂಟವಾಗಿ ಹುಟ್ಟಿದಾಗ ಕೆನಡಾ ಪೆಸಿಫಿಕ್ ತೀರವನ್ನು ಮುಟ್ಟಿಯೇ ಇರಲಿಲ್ಲ. 1871ರಲ್ಲಿ ಬ್ರಿಟಿಷ್ ಕೊಲಂಬಿಯಾ ಸೇರಿತು, 1885ರಲ್ಲಿ ಪೂರ್ವ ಪಶ್ಚಿಮಗಳನ್ನು ಜೋಡಿಸುವ ರೈಲುಹಳಿಯ ಕೊನೆಯ ಮೊಳೆ ಬಡಿದರು. 1921ರಲ್ಲಿ ಐದನೆಯ ಜಾರ್ಜ್ ಲಾಂಛನ ಮಂಜೂರು ಮಾಡುವಷ್ಟರಲ್ಲಿ ವಾಕ್ಯ ನಕ್ಷೆಗೆ ಸರಿಹೊಂದಿತ್ತು. ಇಂಗ್ಲಿಷ್ ಮತ್ತು ಫ್ರೆಂಚ್ ಮಾತಾಡುವವರ ನಡುವೆ ಲ್ಯಾಟಿನ್ ಏಕೆ ಬಂತು ಎಂಬುದನ್ನು ಮೇಲಿನ ಉತ್ತರ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಉತ್ತರದ ಮೂಲನಿವಾಸಿಗಳಿಗೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ. ಇನುಯಿಟ್ ಜನರು ಬಹುಸಂಖ್ಯಾತರಾಗಿರುವ ನುನಾವುತ್ ಪ್ರದೇಶ 1999ರಲ್ಲಿ ರೂಪುಗೊಂಡ ಮೇಲೆ 'ಇನ್ನೊಂದು ಸಮುದ್ರವನ್ನೂ ಸೇರಿಸಿ' ಎಂಬ ಕೂಗು ಜೋರಾಗಿದೆ. ಸೇರಿಸಿದರೆ ತಪ್ಪೇನಿಲ್ಲ ಎಂದು ನನ್ನ ಎಣಿಕೆ. ನಮ್ಮ ವಿಜಯನಗರದ ಅರಸರ ಬಿರುದು ಮೊದಲು 'ಪೂರ್ವಪಶ್ಚಿಮ ಸಮುದ್ರಾಧೀಶ್ವರ' ಎಂದಿತ್ತು, ಮುಂದಿನ ಶಾಸನಗಳಲ್ಲಿ ದಕ್ಷಿಣ ಸಮುದ್ರವೂ ಸೇರಿಕೊಂಡಿತು. ಕಲ್ಲಿನಲ್ಲಿ ಕೆತ್ತಿದವರೇ ಬದಲಾಯಿಸಿಕೊಂಡಿದ್ದಾರೆ.

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ 1808ರ ತಾಮ್ರದ ನಾಣ್ಯವೊಂದು ಸಿಕ್ಕಿತು. ಒಂದು ಬದಿಯಲ್ಲಿ ಎರಡು ಸಿಂಹ ಹಿಡಿದ ಲಾಂಛನ, ಕೆಳಗೆ ಸಣ್ಣಕ್ಷರದ ಇಂಗ್ಲಿಷ್ ಬರಹ, ಓದಿದರೆ ಅರ್ಥವಾಗುವುದಿಲ್ಲ. ಇನ್ನೊಂದು ಬದಿಯಲ್ಲಿ ಉರ್ದು ಥರದ ಲಿಪಿ, 20 ಕಾಸು ಎಂದಿದೆ.
(ಓದುಗರು, ಬಳ್ಳಾರಿ)

ಉತ್ತರ: ಅಕ್ಷರ ಇಂಗ್ಲಿಷಿನದು, ಭಾಷೆ ಲ್ಯಾಟಿನ್. ಇನ್ನೊಂದು ಬದಿಯಲ್ಲಿರುವುದು ಉರ್ದುವಲ್ಲ, ಪಾರಸಿ. 'ಇಪ್ಪತ್ತು ಕಾಸೆಂದರೆ ನಾಲ್ಕು ಫಲೂಸು' ಎಂದು ಲೆಕ್ಕ ಹೇಳುತ್ತದೆ. ಈಸ್ಟ್ ಇಂಡಿಯಾ ಕಂಪನಿ ತನ್ನ ಮದರಾಸು ಪ್ರಾಂತ್ಯಕ್ಕಾಗಿ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊ ಟಂಕಸಾಲೆಯಲ್ಲಿ ಹೊಡೆಸಿದ ನಾಣ್ಯ ಇದು. ಬಳ್ಳಾರಿ 1800ರಿಂದ ಆ ಪ್ರಾಂತ್ಯದಲ್ಲೇ ಇತ್ತಾದ್ದರಿಂದ ನಿಮ್ಮ ಅಜ್ಜಿಯ ಪೆಟ್ಟಿಗೆಗೆ ಅದು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಇದೇ ನಾಣ್ಯಗಳನ್ನು ಹೊತ್ತು ಹೊರಟ 'ಅಡ್ಮಿರಲ್ ಗಾರ್ಡನರ್' ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ತೀರ ದಾಟುವ ಮೊದಲೇ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ರಾಶಿಗಟ್ಟಲೆ ಮೇಲೆತ್ತಿದ್ದರಿಂದ ಈ ನಾಣ್ಯ ಇಂದು ಅಪರೂಪವಲ್ಲ. ಬೆಲೆಯ ಬಗ್ಗೆ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ.

ಸಣ್ಣಕ್ಷರದಲ್ಲಿರುವುದು 'ಔಸ್ಪಿಕಿಯೋ ರೇಗಿಸ್ ಎತ್ ಸೆನಾತೂಸ್ ಆಂಗ್ಲಿಯೈ'. 'ಇಂಗ್ಲೆಂಡಿನ ರಾಜನ ಮತ್ತು ಸಂಸತ್ತಿನ ಆಶ್ರಯದಲ್ಲಿ' ಎಂದು ಸಾಮಾನ್ಯವಾಗಿ ಅನುವಾದಿಸುತ್ತಾರೆ. ಮೊದಲ ಪದ ಹುಟ್ಟಿದ್ದು ಹಕ್ಕಿಗಳ ಹಾರಾಟ ನೋಡಿ ಭವಿಷ್ಯ ಹೇಳುವ ರೋಮನ್ ಪದ್ಧತಿಯಿಂದ. ನಮ್ಮ 'ಶಕುನ'ಕ್ಕೂ ಸಂಸ್ಕೃತದಲ್ಲಿ ಹಕ್ಕಿ ಎಂದೇ ಅರ್ಥ. ರೋಮಿನಲ್ಲಿ ಯುದ್ಧಕ್ಕೆ ಮುನ್ನ ಶಕುನ ನೋಡುವ ಅಧಿಕಾರ ಇದ್ದವನೇ ಸೇನೆಯ ಒಡೆಯ. ಹೀಗೆ ಆ ಪದಕ್ಕೆ 'ಅಧಿಕಾರದಡಿ' ಎಂಬ ಅರ್ಥ ಬಂತು. ಮೆಣಸು, ಬಟ್ಟೆ ವ್ಯಾಪಾರಕ್ಕೆ ಬಂದವರಿಗೆ ಸೇನಾಧಿಪತಿಯ ಭಾಷೆ ಏಕೆ ಬೇಕಾಯಿತೆಂದು ಕೇಳಬಹುದು. 1600ರಲ್ಲಿ ಹುಟ್ಟಿದ ಮೊದಲ ಕಂಪನಿಯ ಧ್ಯೇಯವಾಕ್ಯ ಬೇರೆಯೇ ಇತ್ತು: 'ದೇವರು ದಾರಿ ತೋರಿದರೆ ಯಾವ ಕೇಡೂ ಇಲ್ಲ'. ಸಮುದ್ರಯಾನಕ್ಕೆ ಹೊರಟ ವರ್ತಕರ ಮೊರೆ. ರಾಜ ಮತ್ತು ಸಂಸತ್ತಿನ ಹೆಸರು ಬಂದದ್ದು 1698ರಲ್ಲಿ ಹುಟ್ಟಿದ ಪ್ರತಿಸ್ಪರ್ಧಿ ಕಂಪನಿಯ ಲಾಂಛನದಲ್ಲಿ. ಮುಂದೆ ಎರಡೂ ಕಂಪನಿಗಳು ಒಂದಾದಾಗ ಉಳಿದದ್ದು ಇದು. ದೇವರ ಜಾಗಕ್ಕೆ ಸರ್ಕಾರ ಬಂದು ಕೂತಿತು. ನೂರು ವರ್ಷದ ಮೇಲೆ ಶ್ರೀರಂಗಪಟ್ಟಣದ ಗೋಡೆ ಒಡೆದದ್ದು ಈ ಎರಡನೆಯ ವಾಕ್ಯ ಹೊತ್ತ ಕಂಪನಿ.

ಅಂದರೂ 1799ರ ಆ ಗೆಲುವಿಗೆ ಕಂಪನಿ ಹೊಡೆಸಿದ ಪದಕದಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವುತ್ತಿರುವ ಚಿತ್ರದ ಮೇಲಿರುವುದು ಲ್ಯಾಟಿನ್ ವಾಕ್ಯವಲ್ಲ, ಅರಬ್ಬಿ: 'ದೇವರ ಸಿಂಹ ವಿಜಯಿ'. ಟಿಪ್ಪು ತನ್ನ ಆಯುಧಗಳ ಮೇಲೆ ಬಳಸುತ್ತಿದ್ದ ಮಾತನ್ನೇ ತಿರುಗಿಸಿ ಹೊಡೆದದ್ದು. ಯಾರಿಗೆ ಕೇಳಿಸಬೇಕೋ ಅವರ ಭಾಷೆ. ತಾರೀಖು ಮಾತ್ರ ರೋಮನ್ ಅಂಕಿಯಲ್ಲಿದೆ.

ಕಂಪನಿ ಹೋದರೂ ಆ ಶಕುನದ ಪದ ಹೋಗಲಿಲ್ಲ. 1878ರಲ್ಲಿ ವಿಕ್ಟೋರಿಯಾ ಸ್ಥಾಪಿಸಿದ 'ಆರ್ಡರ್ ಆಫ್ ದಿ ಇಂಡಿಯನ್ ಎಂಪೈರ್' ಬಿರುದಿನ ಧ್ಯೇಯವಾಕ್ಯ 'ಇಂಪೆರಾತ್ರೀಕಿಸ್ ಔಸ್ಪಿಕಿಯೀಸ್', ಚಕ್ರವರ್ತಿನಿಯ ಆಶ್ರಯದಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಹಿಂದೆ 'ಸರ್' ಬಂದದ್ದು 1915ರಲ್ಲಿ ಇದೇ ಬಿರುದಿನಿಂದ. ಅಷ್ಟರಲ್ಲಿ ವಿಕ್ಟೋರಿಯಾ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು, ಗದ್ದುಗೆಯಲ್ಲಿ ಅವಳ ಮೊಮ್ಮಗನಿದ್ದ. ಪದಕದ ಮೇಲೆ ಮಾತ್ರ ಇನ್ನೂ ಚಕ್ರವರ್ತಿನಿಯೇ.

ಪ್ರಶ್ನೆ: ಹಾಗಾದರೆ ನಮಗೆ ಸಂಸ್ಕೃತವೇ ಲ್ಯಾಟಿನ್ ಅನ್ನಬಹುದೇ?
(ನಿವೃತ್ತ ಅಧ್ಯಾಪಕರು, ಮೈಸೂರು)

ಉತ್ತರ: ಅರ್ಧ ಅನ್ನಬಹುದು. 1950ರ ಜನವರಿ 26ರಂದು ಸಾರನಾಥದ ಸಿಂಹಗಳ ಕೆಳಗೆ ಮುಂಡಕ ಉಪನಿಷತ್ತಿನ 'ಸತ್ಯಮೇವ ಜಯತೇ' ಬಂದಾಗ ದೇಶದ ನಾಯಕರು ಭಾಷಾ ಜಗಳದ ಬಿಸಿ ಚೆನ್ನಾಗಿ ಕಂಡಿದ್ದರು. ಹಿಂದಿಯಲ್ಲಿ ಬರೆದಿದ್ದರೆ ಏನಾಗುತ್ತಿತ್ತೆಂದು ತಮ್ಮಂಥ ಹಿರಿಯರಿಗೆ ನಾನು ಹೇಳಬೇಕಿಲ್ಲ. ಅಷ್ಟರ ಮಟ್ಟಿಗೆ ಹೋಲಿಕೆ ಸರಿ. ಸಿಂಹಗಳು ಅಶೋಕನವು, ವಾಕ್ಯ ಅವನದಲ್ಲ. ಮೂಲ ಸ್ತಂಭದ ಮೇಲೆ ಈ ಮಾತಿಲ್ಲ. ಎರಡು ಬೇರೆ ಪರಂಪರೆಗಳನ್ನು ಕೂಡಿಸಿದ್ದು ಇಪ್ಪತ್ತನೆಯ ಶತಮಾನದ ನಿರ್ಧಾರ.

ಇನ್ನರ್ಧ ಹೊಂದುವುದಿಲ್ಲ. 'ಸತ್ಯಮೇವ ಜಯತೇ' ಓದಲು ನಮ್ಮ ಹಳ್ಳಿಯ ಮುದುಕಿಗೂ ಪಂಡಿತರು ಬೇಕಿಲ್ಲ. ಸತ್ಯ, ಜಯ ಎರಡೂ ಅವಳ ದಿನದ ಮಾತು. ಲ್ಯಾಟಿನ್ ವಾಕ್ಯ ಇಟಲಿ, ಸ್ಪೇನ್‌ಗಳವರಿಗೆ ಆ ಮಟ್ಟಿಗೆ ತಿಳಿದೀತು, ಜರ್ಮನರಿಗೆ ಓದಿಯೇ ಬರಬೇಕು. ನಿಜವಾದ ಜೋಡಿ ಬೇಕಿದ್ದರೆ ಇಂಡೋನೇಷ್ಯಾ ನೋಡಿ. ಅಲ್ಲಿನ ಗರುಡ ಕಾಲಿನಲ್ಲಿ ಹಿಡಿದಿರುವ 'ಭಿನ್ನೇಕ ತುಂಗಲ್ ಇಕ' ಹದಿನಾಲ್ಕನೆಯ ಶತಮಾನದ ಹಳೆಯ ಜಾವಾ ಕಾವ್ಯದ್ದು. ಭಿನ್ನವಾದರೂ ಒಂದೇ ಎಂದರ್ಥ. ಶಿವನೂ ಬುದ್ಧನೂ ಬೇರೆಯಲ್ಲ ಎನ್ನಲು ಕವಿ ಹೇಳಿದ್ದನ್ನು ನೂರಾರು ಭಾಷೆಗಳ ದೇಶ ತನ್ನದಾಗಿಸಿಕೊಂಡಿತು.

ಪ್ರಶ್ನೆ: ಬ್ರಿಟಿಷರಿಂದ ಬಿಡುಗಡೆಯಾದ ಮೇಲೂ ಲ್ಯಾಟಿನ್ ಉಳಿಸಿಕೊಂಡ ದೇಶಗಳಿವೆಯೇ?
(ಓದುಗರು, ಮಂಗಳೂರು)

ಉತ್ತರ: ಹಲವಿವೆ. ನಮಗೆ ಹತ್ತಿರದ್ದು ಮಾರಿಷಸ್: 'ಸ್ತೆಲ್ಲಾ ಕ್ಲಾವಿಸ್ಕ್ವೆ ಮರಿಸ್ ಇಂದಿಕೀ', ಹಿಂದೂ ಮಹಾಸಾಗರದ ನಕ್ಷತ್ರ ಮತ್ತು ಕೀಲಿಕೈ. 1906ರ ಲಾಂಛನ, 1968ರಲ್ಲಿ ಸ್ವತಂತ್ರವಾದಾಗ ಹಾಗೇ ಉಳಿಯಿತು. ಭಾರತ ಮೂಲದವರೇ ಹೆಚ್ಚಿರುವ, ಕ್ರಿಯೋಲ್, ಫ್ರೆಂಚ್, ಭೋಜಪುರಿ, ತಮಿಳು, ತೆಲುಗು ಎಲ್ಲ ಕೇಳುವ ದ್ವೀಪಕ್ಕೆ ಅದು ಸಲೀಸಾಗಿತ್ತು. ಸೆಶೆಲ್ಸ್ 'ಫೀನಿಸ್ ಕೊರೋನತ್ ಒಪುಸ್' ಅನ್ನುತ್ತದೆ, ಕೊನೆಯೇ ಕೆಲಸಕ್ಕೆ ಕಿರೀಟ. ಬೆಲೀಜ್ ತನ್ನ ಬಾವುಟದ ಮೇಲೇ 'ಸುಬ್ ಉಂಬ್ರಾ ಫ್ಲೋರೆಯೋ' ಎಂದು ಬರೆದುಕೊಂಡಿದೆ. 'ನೆರಳಲ್ಲಿ ಅರಳುತ್ತೇನೆ' ಎಂಬ ಮಾತು ಕೇಳಲು ಚೆಂದ, ನೆರಳು ಮಹಾಗನಿ ಮರದ್ದು. ಆ ಮರ ಕಡಿಯಲು ಗುಲಾಮರನ್ನು ತಂದ ಚರಿತ್ರೆಯೂ ಅದೇ ನೆರಳಿನಲ್ಲಿದೆ. ಲಾಂಛನದ ಇಬ್ಬರು ಆಳುಗಳಲ್ಲಿ ಒಬ್ಬನ ಕೈಯಲ್ಲಿ ಕೊಡಲಿಯಿದೆ.

ಬಿಟ್ಟುಕೊಟ್ಟ ದೇಶಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಜಮೈಕಾ. ಹದಿನೇಳನೆಯ ಶತಮಾನದಿಂದ ಅದರ ಲಾಂಛನದಲ್ಲಿದ್ದದ್ದು 'ಇಂದುಸ್ ಉತೆರ್ಕ್ವೆ ಸೆರ್ವಿಯೆತ್ ಊನೀ', 'ಎರಡೂ ಇಂಡೀಸ್‌ಗಳು ಒಬ್ಬನಿಗೇ ಸೇವೆ ಸಲ್ಲಿಸಲಿವೆ'. ಎರಡೂ ಅಂದರೆ ವೆಸ್ಟ್ ಇಂಡೀಸ್ ಮತ್ತು ಈ ಕಡೆಯ ನಾವು. ಆ ಒಬ್ಬ ಯಾರು ಎಂದು ಹೇಳುವ ಅಗತ್ಯವಿಲ್ಲ. 1962ರಲ್ಲಿ ಸ್ವತಂತ್ರವಾದಾಗ ಚಿತ್ರದ ಮೊಸಳೆ, ಅನಾನಸ್ ಎಲ್ಲ ಇಟ್ಟುಕೊಂಡು ಈ ವಾಕ್ಯವೊಂದನ್ನು ಅಳಿಸಿ, 'ಹಲವರಿಂದ ಒಂದೇ ಜನ' ಎಂದು ಎಲ್ಲರೂ ಓದಬಲ್ಲ ಇಂಗ್ಲಿಷಿನಲ್ಲಿ ಬರೆದರು.

ಪ್ರಶ್ನೆ: ಇವನ್ನು ಉಚ್ಚರಿಸುವುದು ಹೇಗೆ? ಕ್ವಿಜ್ ನಡೆಸುವಾಗ ಪ್ರತಿ ಸಲ ಜಗಳ.
(ಪ್ರೌಢಶಾಲಾ ಶಿಕ್ಷಕಿ, ತುಮಕೂರು)

ಉತ್ತರ: ಕನ್ನಡ ಲಿಪಿ ಗೊತ್ತಿದ್ದವರಿಗೆ ಕಷ್ಟವಿಲ್ಲ. ಹ್ರಸ್ವ, ದೀರ್ಘ, ಒತ್ತಕ್ಷರ ಎಲ್ಲ ಲ್ಯಾಟಿನ್ನಿನಲ್ಲೂ ಇವೆ. ಹಳೆಯ ರೋಮನ್ ರೀತಿಯಲ್ಲಿ 'ಸಿ' ಅಕ್ಷರ ಯಾವಾಗಲೂ ಕಕಾರ. ಚರ್ಚಿನ ರೀತಿಯಲ್ಲಿ ಕೆಲವು ಕಡೆ ಚಕಾರ. ಹಾಗಾಗಿ 'ಕೊಯ್ಪ್ತಿಸ್', 'ಚೆಪ್ತಿಸ್' ಎರಡೂ ಸರಿ. ಅಮೆರಿಕನ್ನರು ತಮ್ಮದನ್ನು 'ಈ ಪ್ಲೂರಿಬಸ್ ಯೂನಮ್' ಎನ್ನುತ್ತಾರೆ. ಕ್ವಿಜ್‌ನಲ್ಲಿ ಮೂರಕ್ಕೂ ಅಂಕ ಕೊಡಿ.